ಪ್ರಾರ್ಥನೆ ಒಂದೇ, ಮುಗಿಸುವ ಬಗೆ ಎರಡು

ಕ್ರೈಸ್ತ ಪಂಗಡಗಳ ಐಕ್ಯಕ್ಕಾಗಿ ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಪ್ರಾರ್ಥನಾ ಸಪ್ತಾಹ ನಡೆಯುತ್ತದೆ. 1908ರಲ್ಲಿ ಅಮೆರಿಕದ ಪಾಲ್ ವಾಟ್ಸನ್ ಇದನ್ನು ಆರಂಭಿಸಿದಾಗ, ಉಳಿದ ಪಂಗಡದವರು ರೋಮಿನ ಕ್ಯಾಥೊಲಿಕ್ ಚರ್ಚಿನ ತೆಕ್ಕೆಗೆ ಮರಳಲಿ ಎಂಬುದೇ ಅದರ ಒಳದನಿಯಾಗಿತ್ತು. ಅಂಥ ಪ್ರಾರ್ಥನೆಗೆ ಪ್ರಾಟೆಸ್ಟೆಂಟರು ದನಿಗೂಡಿಸುವುದು ಕಷ್ಟವೇ. 1930ರ ದಶಕದಲ್ಲಿ ಈ ಧಾಟಿಯನ್ನು ಬದಲಿಸಿದವರು ಫ್ರಾನ್ಸಿನ ಲಿಯೋನ್ ನಗರದ ಪಾದ್ರಿ ಪಾಲ್ ಕುಟುರಿಯೆ. ಅವರು ಶಾಲಾ ಮೇಷ್ಟ್ರೂ ಹೌದು. ಅವರವರ ಜಾಗದಲ್ಲೇ ನಿಂತು, ಕ್ರಿಸ್ತನ ಇಚ್ಛೆಯಂತೆ ಐಕ್ಯವಾಗಲಿ ಎಂದು ಬೇಡಿದರೆ ಸಾಕು ಎಂದರು. 1968ರಿಂದ ಸಪ್ತಾಹದ ಪಠ್ಯವನ್ನು ವ್ಯಾಟಿಕನ್ ಮತ್ತು ಚರ್ಚುಗಳ ವಿಶ್ವ ಮಂಡಳಿ ಜಂಟಿಯಾಗಿ ಹೊರತರುತ್ತಿವೆ. ದಕ್ಷಿಣ ಗೋಳಾರ್ಧದಲ್ಲಿ ಜನವರಿ ಬೇಸಿಗೆ ರಜೆಯ ಕಾಲ. ಅಲ್ಲಿ ಸಪ್ತಾಹ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಬರುತ್ತದೆ.

ವರ್ಷಕ್ಕೊಂದು ವಾರ ಜತೆಗೂಡುವುದು ಸುಲಭ, ದಿನವೂ ಒಂದೇ ಬೆಂಚಿನಲ್ಲಿ ಕೂರುವುದು ಬೇರೆ ಮಾತು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮಕ್ಕಳಿಗೊಂದು, ಪ್ರಾಟೆಸ್ಟೆಂಟ್ ಮಕ್ಕಳಿಗೊಂದು ಶಾಲೆ ಎಂಬುದು ರೂಢಿ. ಗಲಭೆ, ಬಾಂಬುಗಳ ನಡುವೆಯೇ 1981ರಲ್ಲಿ ಪೋಷಕರು ಬೆಲ್‌ಫಾಸ್ಟಿನಲ್ಲಿ ಲಗನ್ ಕಾಲೇಜ್ ಎಂಬ ಸಮ್ಮಿಶ್ರ ಶಾಲೆ ತೆರೆದರು. ಮೊದಲು ಸೇರಿದ್ದು 28 ಮಕ್ಕಳು. ಇಂಥ ಶಾಲೆಗಳಲ್ಲಿ ಧರ್ಮಪಾಠ ಒಟ್ಟಿಗೇ ನಡೆದರೂ, ಕ್ಯಾಥೊಲಿಕ್ ಮಕ್ಕಳಿಗೆ ಸಂಸ್ಕಾರಗಳ ಸಿದ್ಧತೆಗೆ ಪ್ರತ್ಯೇಕ ಅವಕಾಶವಿರುತ್ತದೆ. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲೂ ಒಂದು ಸಣ್ಣ ತೊಡಕಿದೆ: ಕ್ಯಾಥೊಲಿಕರು ನಿಲ್ಲಿಸುವಲ್ಲಿಂದ ಪ್ರಾಟೆಸ್ಟೆಂಟರು ಮಹಿಮೆಯ ಸಾಲೊಂದನ್ನು ಮುಂದುವರಿಸುತ್ತಾರೆ.

ಕರ್ನಾಟಕದಲ್ಲಿ ಈ ಕೂಡುಕಲಿಕೆಯ ಹಳೆಯ ನೆಲೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. ಹಲವು ಪ್ರಾಟೆಸ್ಟೆಂಟ್ ಮಿಷನ್‌ಗಳು ಸೇರಿ 1910ರಲ್ಲಿ ಕಟ್ಟಿದ ಇದು, ಮುಂದೆ ಆರ್ಥೊಡಾಕ್ಸ್ ವಿದ್ಯಾರ್ಥಿಗಳನ್ನೂ ಬರಮಾಡಿಕೊಂಡಿತು.