ಗಾಳಿ ನಿಲ್ಲಲ್ಲ, ಅದೇ ತೊಂದರೆ: ತಣ್ಣೀರಿನ ಡೈವಿಂಗ್ ಮತ್ತು ಫ್ರೀಫ್ಲೋ

ಈ ಎಪಿಸೋಡ್ ಸ್ಕೂಬಾ ಡೈವಿಂಗ್ ಬಗ್ಗೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲೋ, ಅಂಡಮಾನಿನಲ್ಲೋ ಡೈವಿಂಗ್ ಕಲಿತವರು ನಿಮ್ಮಲ್ಲೂ ಇರಬಹುದು. ಅಲ್ಲಿ ನೀರು ಬೆಚ್ಚಗಿರುತ್ತೆ. ಆಮೇಲೆ ಒಂದು ದಿನ ಮೊಬೈಲಲ್ಲಿ ಐಸ್‌ಲ್ಯಾಂಡಿನ ಸಿಲ್ಫ್ರಾ ರೀಲ್ ಕಾಣಿಸುತ್ತೆ. ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು ಬೇರೆಯಾಗುವ ಜಾಗದಲ್ಲಿ ಬಿರುಕು, ಅದರಲ್ಲಿ ಹಿಮನದಿ ಕರಗಿ ಬಂಡೆಯೊಳಗೆ ಸೋಸಿ ಬಂದ ನೀರು. ನೂರು ಮೀಟರ್ ದೂರದವರೆಗೂ ಸ್ಪಷ್ಟವಾಗಿ ಕಾಣುತ್ತೆ. ಆದ್ರೆ ವರ್ಷವಿಡೀ ಆ ನೀರಿನ ಉಷ್ಣಾಂಶ 2ರಿಂದ 4 ಡಿಗ್ರಿ ಸೆಲ್ಸಿಯಸ್.

ಅಂಥ ನೀರಲ್ಲಿ ಡೈವರ್‌ಗೆ ಒಂದು ವಿಚಿತ್ರ ಅಪಾಯ ಇದೆ. ಗಾಳಿ ನಿಂತುಹೋಗಲ್ಲ, ಬದಲಿಗೆ ನಿಲ್ಲದೇ ಸುರಿಯೋಕೆ ಶುರುವಾಗುತ್ತೆ. ಇದಕ್ಕೆ ಫ್ರೀಫ್ಲೋ ಅಂತಾರೆ.

ಯಾಕೆ ಹೀಗಾಗುತ್ತೆ? ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ಗಾಳಿ ಬಿಟ್ಟಿದ್ದೀರಾ? ಹೊರಗೆ ಬರೋ ಗಾಳಿ ತಣ್ಣಗಿರುತ್ತೆ. ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗಿದಾಗ ತಣ್ಣಗಾಗೋದು ಅದರ ಸ್ವಭಾವ. ಡೈವಿಂಗ್ ಸಿಲಿಂಡರಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್. ರೆಗ್ಯುಲೇಟರ್ ಅದನ್ನ ಎರಡು ಹಂತದಲ್ಲಿ ಇಳಿಸುತ್ತೆ. ಸಿಲಿಂಡರ್ ಮೇಲೆ ಕೂರುವ ಫಸ್ಟ್ ಸ್ಟೇಜ್, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿರೋ ಮಟ್ಟಕ್ಕೆ ತರುತ್ತೆ. ಬಾಯಲ್ಲಿರೋ ಸೆಕೆಂಡ್ ಸ್ಟೇಜ್ ಉಸಿರಾಡೋಕೆ ಆಗುವಷ್ಟಕ್ಕೆ ಇಳಿಸುತ್ತೆ. ದೊಡ್ಡ ಇಳಿತ ಆಗೋದು ಫಸ್ಟ್ ಸ್ಟೇಜಲ್ಲಿ, ಹಾಗಾಗಿ ಅಲ್ಲಿಂದ ಬರೋ ಗಾಳಿ ಸೊನ್ನೆ ಡಿಗ್ರಿಗಿಂತ ತುಂಬಾ ಕೆಳಗೆ ಹೋಗಬಹುದು.

ಬೆಚ್ಚನೆ ನೀರಾದ್ರೆ ಲೋಹಕ್ಕೆ ಸುತ್ತಲಿಂದ ಶಾಖ ಸಿಗುತ್ತೆ. 3 ಡಿಗ್ರಿ ನೀರಲ್ಲಿ ಸಾಕಷ್ಟು ಶಾಖ ಸಿಗಲ್ಲ. ಫಸ್ಟ್ ಸ್ಟೇಜಿನ ಸ್ಪ್ರಿಂಗ್ ಸುತ್ತ ಇರೋ ನೀರು ಹೆಪ್ಪುಗಟ್ಟುತ್ತೆ, ಅಥವಾ ನಾವು ಬಿಟ್ಟ ಉಸಿರಿನ ತೇವ ಸೆಕೆಂಡ್ ಸ್ಟೇಜ್ ಒಳಗೆ ಮಂಜುಗಡ್ಡೆಯಾಗುತ್ತೆ. ತೆರೆದ ವಾಲ್ವ್ ಮುಚ್ಚೋದಿಲ್ಲ. ಗಾಳಿ ಸುರಿದಷ್ಟೂ ಇನ್ನೂ ತಣ್ಣಗಾಗುತ್ತೆ, ಮಂಜು ಇನ್ನೂ ಬಿಗಿಯಾಗುತ್ತೆ.

ಈಗ ಸ್ವಲ್ಪ ಲೆಕ್ಕ. 12 ಲೀಟರ್ ಸಿಲಿಂಡರ್ 200 ಬಾರ್ ತುಂಬಿದ್ರೆ ಸುಮಾರು 2400 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 15 ಲೀಟರ್ ಉಸಿರಾಡೋ ಒಬ್ಬರಿಗೆ 18 ಮೀಟರ್ ಆಳದಲ್ಲಿ 42 ಲೀಟರ್ ಬೇಕು, ಯಾಕಂದ್ರೆ ಅಲ್ಲಿನ ಒತ್ತಡ 2.8 ಪಟ್ಟು. ಕೊನೆಯ 50 ಬಾರ್ ಮುಟ್ಟದೇ ಇಟ್ರೂ 40 ನಿಮಿಷ ಬರುತ್ತೆ. ಫ್ರೀಫ್ಲೋ ಆದ್ರೆ ಇದೇ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ.

ಇದರಲ್ಲಿ ನಮ್ಮ ಕೈಯಲ್ಲಿರೋದು ಒಂದೇ: ಒಂದೇ ಸಲಕ್ಕೆ ಎಷ್ಟು ಗಾಳಿ ಎಳೀತೀವಿ ಅನ್ನೋದು. ತಡೆಯೋ ಉಪಾಯಗಳಲ್ಲಿ ಹೆಚ್ಚಿನವು ಇದಕ್ಕೇ ಸೇರಿದ್ದು.

ನೀರಿಗಿಳಿಯೋ ಮುಂಚೆ, ಕೊರೆಯೋ ಚಳಿಯಲ್ಲಿ ನಿಂತು ರೆಗ್ಯುಲೇಟರಿಂದ ಉಸಿರಾಡ್ಬೇಡಿ. ಹೊರಗಿನ ಗಾಳಿ ಸೊನ್ನೆಗಿಂತ ಕೆಳಗಿದ್ರೆ ನಿಮ್ಮ ಉಸಿರಿನ ತೇವ ಅಲ್ಲೇ ಹೆಪ್ಪುಗಟ್ಟುತ್ತೆ. ಪರೀಕ್ಷೆ ಮಾಡೋದನ್ನ ಬೆಚ್ಚನೆ ಜಾಗದಲ್ಲೇ ಮುಗಿಸಿ. ಸುಮ್ಸುಮ್ನೆ ಪರ್ಜ್ ಬಟನ್ ಒತ್ತಬೇಡಿ. ಒಳಗೆ ಹೋದ್ಮೇಲೆ ನಿಧಾನವಾಗಿ ಉಸಿರಾಡಿ, ಜೋರಾಗಿ ಕಾಲು ಬಡಿದು ಈಜಬೇಡಿ. ಡ್ರೈಸೂಟಿಗೆ ಅಥವಾ ಜಾಕೆಟ್ಟಿಗೆ ಗಾಳಿ ತುಂಬೋವಾಗ ಬಟನ್ ಒತ್ತಿ ಹಿಡೀಬೇಡಿ, ಚಿಕ್ಕಚಿಕ್ಕದಾಗಿ ಒತ್ತಿ. ಅದೇ ಕ್ಷಣದಲ್ಲಿ ಉಸಿರು ಎಳೀಬೇಡಿ.

ಸಾಮಾನಿನ ವಿಷಯ. ಯುರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ಕಡಿಮೆ ಇದ್ರೆ ತಣ್ಣೀರು. ಅದಕ್ಕೆ ಪರೀಕ್ಷಿಸಿದ, ಫಸ್ಟ್ ಸ್ಟೇಜಿನ ಸ್ಪ್ರಿಂಗ್‌ಗೆ ನೀರು ತಾಗದ ಹಾಗೆ ಸೀಲ್ ಮಾಡಿದ ರೆಗ್ಯುಲೇಟರೇ ಬೇಕು. ಸಿಲಿಂಡರಲ್ಲಿ ತುಂಬಿದ ಗಾಳಿಯೂ ಒಣಗಿರಬೇಕು.

ಆದ್ರೂ ಫ್ರೀಫ್ಲೋ ಆಯ್ತು ಅಂದ್ಕೊಳ್ಳಿ. ಮುಖದ ಮುಂದೆಲ್ಲಾ ಗುಳ್ಳೆ, ಕಿವಿ ತುಂಬಾ ಸದ್ದು, ಹಲ್ಲು ಜುಂ ಅನ್ನುತ್ತೆ. ಗಾಬರಿಯಲ್ಲಿ ಮೌತ್‌ಪೀಸ್ ಉಗಿದುಬಿಡ್ಬೇಡಿ. ಅದರಲ್ಲಿ ಇನ್ನೂ ಗಾಳಿ ಇದೆ. ತುಟಿ ಬಿಗಿ ಮಾಡದೇ ಸಡಿಲ ಬಿಟ್ಟು, ಬೇಕಾದಷ್ಟನ್ನ ಗುಟುಕು ಗುಟುಕಾಗಿ ತಗೊಳ್ಳಿ, ಮಿಕ್ಕಿದ್ದು ಬಾಯಿಯ ಪಕ್ಕದಿಂದ ಹೋಗ್ಲಿ. ಮೊದಲ ಡೈವಿಂಗ್ ಕೋರ್ಸಲ್ಲೇ ಇದನ್ನ ಕಲಿಸ್ತಾರೆ.

ತಕ್ಷಣ ಬಡ್ಡಿಗೆ ಸನ್ನೆ ಮಾಡಿ. ಸಾಲದ ಬಡ್ಡಿ ಅಲ್ಲ, ಜೊತೆಗೆ ಈಜ್ತಿರೋ ಜೊತೆಗಾರ! ಡೈವ್ ಅಲ್ಲಿಗೇ ಮುಗೀತು, ಇಬ್ಬರೂ ಒಟ್ಟಿಗೆ ಮೇಲಕ್ಕೆ. ನಿಮಿಷಕ್ಕೆ 9 ಮೀಟರ್ ಮೀರದ ಹಾಗೆ, ಉಸಿರು ಕಟ್ಟಿ ಹಿಡಿಯದೇ. ಹಿಡಿದ್ರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಗಾಯವಾಗುತ್ತೆ. 5 ಮೀಟರಲ್ಲಿ 3 ನಿಮಿಷ ನಿಲ್ಲೋದು ಒಳ್ಳೆ ಅಭ್ಯಾಸ. ಆದ್ರೆ ಗಾಳಿ ಮುಗೀತಾ ಬಂದಿದ್ದು, ಕಡ್ಡಾಯ ನಿಲುಗಡೆ ಇಲ್ಲದ ಡೈವ್ ಆಗಿದ್ರೆ ಸೀದಾ ಮೇಲೆ ಬನ್ನಿ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. "ನನ್ನ ಹತ್ರ ಆಕ್ಟೋಪಸ್ ಇದೆಯಲ್ಲ, ಅದನ್ನ ಬಾಯಿಗೆ ಹಾಕ್ಕೋತೀನಿ" ಅಂತ. ನಿಮ್ಮ ಆಕ್ಟೋಪಸ್ ಕೂಡ ಅದೇ ಫಸ್ಟ್ ಸ್ಟೇಜಿಂದ ಬರೋದು. ಅದೇ ಹೆಪ್ಪುಗಟ್ಟಿದ್ರೆ ಅದರಿಂದ ಪ್ರಯೋಜನ ಇಲ್ಲ. ಜೊತೆಗಾರರ ಆಕ್ಟೋಪಸ್ ತಗೋಬಹುದು, ಆದ್ರೆ ಒಂದೇ ಫಸ್ಟ್ ಸ್ಟೇಜಿಂದ ಇಬ್ಬರು, ಅದೂ ಗಾಬರಿಯಲ್ಲಿ ಉಸಿರಾಡಿದ್ರೆ ಅದೂ ಹೆಪ್ಪುಗಟ್ಟಬಹುದು. ಅದಕ್ಕೇ ತಣ್ಣೀರಿನ ಡೈವರ್‌ಗಳು ಒಂದೇ ಸಿಲಿಂಡರಿಗೆ ಎರಡು ವಾಲ್ವ್, ಎರಡು ಪ್ರತ್ಯೇಕ ಫಸ್ಟ್ ಸ್ಟೇಜ್ ಹಾಕ್ತಾರೆ. ಒಂದು ಸುರಿಯೋಕೆ ಶುರುವಾದ್ರೆ ಇನ್ನೊಂದನ್ನ ಬಾಯಿಗೆ ಹಾಕ್ಕೊಂಡು, ಆಮೇಲೆ ಸುರಿಯೋದರ ವಾಲ್ವ್ ಮುಚ್ಚೋದು. ಈ ಕ್ರಮ ತಿರುವುಮುರುವು ಆಗ್ಬಾರ್ದು. ಒಂದೇ ವಾಲ್ವ್ ಇದ್ರೆ, ಬೇರೆ ಕಡೆಯಿಂದ ಉಸಿರು ಸಿಗೋ ತನಕ ಅದನ್ನ ಮುಚ್ಚಲೇಬಾರ್ದು.

ಹಾಗಾದ್ರೆ ಸಿಲ್ಫ್ರಾಕ್ಕೆ ಹೋಗೋದೇ ಬೇಡ್ವಾ? ಹೋಗಿ. ಡ್ರೈಸೂಟ್ ತರಬೇತಿ ಮುಗಿಸ್ಕೊಂಡು ಹೋಗಿ. ಬುಕ್ ಮಾಡೋ ಮುಂಚೆ ಅಲ್ಲಿನವರನ್ನ ಕೇಳಿ: ರೆಗ್ಯುಲೇಟರ್ ತಣ್ಣೀರಿಗೆ ಆಗುವಂಥದ್ದಾ? ಸರ್ವೀಸ್ ಯಾವಾಗ ಆಗಿದೆ? ಒಂದಕ್ಕೆ ಎರಡು ಫಸ್ಟ್ ಸ್ಟೇಜ್ ಇದೆಯಾ? ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆಯವರನ್ನ ಹುಡುಕಿ. ಹೋಗೋ ಮುಂಚೆ ಈಜುಕೊಳದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಆ ಗುಟುಕು ಉಸಿರಾಟವನ್ನ ನಾಲ್ಕೈದು ಸಲ ಮಾಡಿ. ಚಳಿಗೆ ಬೆರಳು ಮರಗಟ್ಟಿರೋವಾಗ ಹೊಸದಾಗಿ ಯೋಚಿಸೋಕೆ ಆಗಲ್ಲ, ಅಭ್ಯಾಸ ಆಗಿರೋದೇ ಕೈಗೆ ಬರೋದು.

ಡೈವಿಂಗ್ ಹುಚ್ಚಿರೋ ಗೆಳೆಯರಿದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.