ಒಳಗಿನವರ ಕತ್ತಿ: ‘ದಿ ಐಡ್ಸ್ ಆಫ್ ಮಾರ್ಚ್’ ಕಟ್ಟಿದ ಬಗೆ

ಕ್ಷೌರದಂಗಡಿಯಿಂದ ನಡುವಯಸ್ಸಿನ ಗಂಡಸೊಬ್ಬ ಹೊರಗೆ ಬರುತ್ತಾನೆ. ಹೆಸರು ಪಾಲ್ ಝಾರಾ. ಅಮೆರಿಕದ ಅಧ್ಯಕ್ಷನಾಗಲು ಹೊರಟಿರುವ ಗವರ್ನರ್ ಒಬ್ಬನ ಪ್ರಚಾರದ ಹೊಣೆ ಹೊತ್ತವನು. ಹತ್ತಿರದಲ್ಲೇ ಕಪ್ಪು ಗಾಜಿನ ದೊಡ್ಡ ಕಾರು ನಿಂತಿದೆ. ಪಾಲ್ ಹತ್ತುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾ ಮಾತ್ರ ಹೊರಗೇ ಉಳಿದು ನಿಧಾನವಾಗಿ ಕಾರಿನ ಕಡೆ ಸರಿಯುತ್ತದೆ. ಒಳಗಿನ ಒಂದು ಮಾತೂ ಕೇಳುವುದಿಲ್ಲ, ಒಂದು ಮುಖವೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಪಾಲ್ ಇಳಿಯುತ್ತಾನೆ, ಕಾರು ಹೊರಟುಹೋಗುತ್ತದೆ. ಅವನ ಕೆಲಸ ಹೋಯಿತು.

ಕಾರಿನೊಳಗೆ ಕೂತಿದ್ದವರು ಜಾರ್ಜ್ ಕ್ಲೂನಿ ಮತ್ತು ಫಿಲಿಪ್ ಸೀಮೋರ್ ಹಾಫ್‌ಮನ್. ಅಂಥ ಇಬ್ಬರು ನಟರನ್ನು ಎದುರುಬದುರು ಕೂರಿಸಿ, ಅವರನ್ನು ತೋರಿಸದೇ ಇರಲು ನಿರ್ದೇಶಕನಿಗೆ ಧೈರ್ಯ ಬೇಕು. ಬೇರೆಯವರಾಗಿದ್ದರೆ ಆರೋಪ, ಸಮರ್ಥನೆ, ಕಣ್ಣೀರು ಎಲ್ಲವನ್ನೂ ಅಲ್ಲೇ ಸುರಿಯುತ್ತಿದ್ದರು. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಒಳಗೆ ಏನು ಮಾತಾಗಲಿದೆ ಎಂದು ನಮಗೆ ಮೊದಲೇ ಗೊತ್ತಿದೆ. ಗೊತ್ತಿಲ್ಲದವನು ಪಾಲ್ ಒಬ್ಬನೇ. ಈ ಚಿತ್ರದ ಕಸುಬೆಲ್ಲ ಇರುವುದು ಈ ಲೆಕ್ಕದಲ್ಲಿ: ಯಾವ ಸುದ್ದಿ ಯಾರಿಗೆ ಗೊತ್ತು, ಯಾವಾಗ ಗೊತ್ತಾಯಿತು, ಯಾರಿಗೆ ಗೊತ್ತಾಗಲಿಲ್ಲ. ಗುಂಡಿನ ಸದ್ದಿಲ್ಲದ, ಅಟ್ಟಾಡಿಸುವ ಕಾರುಗಳಿಲ್ಲದ 101 ನಿಮಿಷಗಳ ಚಿತ್ರ ಥ್ರಿಲ್ಲರ್ ಆಗಿರುವುದು ಈ ಲೆಕ್ಕದ ಬಲದಿಂದಲೇ.

2011ರಲ್ಲಿ ವೆನಿಸ್ ಚಿತ್ರೋತ್ಸವದ ಉದ್ಘಾಟನಾ ಚಿತ್ರವಾಗಿ ತೆರೆಕಂಡ ‘ದಿ ಐಡ್ಸ್ ಆಫ್ ಮಾರ್ಚ್’ ಅನ್ನು ನಿರ್ದೇಶಿಸಿದವರು ಕ್ಲೂನಿಯೇ. ಕಥೆಗೆ ಬರುವ ಮೊದಲು ಅಲ್ಲಿನ ಚುನಾವಣೆಯ ಒಂದು ಸಂಗತಿ ತಿಳಿದಿರಬೇಕು. ನಮ್ಮಲ್ಲಿ ಯಾರಿಗೆ ಬಿ ಫಾರಂ ಎಂದು ಪಕ್ಷದ ವರಿಷ್ಠರು ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದಕ್ಕೇ ರಾಜ್ಯ ರಾಜ್ಯಗಳಲ್ಲಿ ಮತದಾನ ನಡೆಯುತ್ತದೆ. ಅದೇ ಪ್ರೈಮರಿ. ಗೆದ್ದವನಿಗೆ ಡೆಲಿಗೇಟುಗಳ, ಅಂದರೆ ಪಕ್ಷದ ಮಹಾಧಿವೇಶನದಲ್ಲಿ ಅವನ ಪರ ನಿಲ್ಲುವ ಪ್ರತಿನಿಧಿಗಳ ಬಲ ಸಿಗುತ್ತದೆ. ಹೀಗಾಗಿ ಇಲ್ಲಿನ ಹೋರಾಟ ಬೇರೆ ಪಕ್ಷದ ಮೇಲಲ್ಲ. ಪೆನ್ಸಿಲ್ವೇನಿಯಾದ ಗವರ್ನರ್ ಮೈಕ್ ಮಾರಿಸ್, ಅರ್ಕಾನ್ಸಾದ ಸೆನೆಟರ್ ಪುಲ್‌ಮನ್ ಇಬ್ಬರೂ ಡೆಮಾಕ್ರಟಿಕ್ ಪಕ್ಷದವರೇ. ಕಣ ಒಹಾಯೋ ರಾಜ್ಯ. ಇವರಿಬ್ಬರ ಹೊರಗೆ ನಿಂತು ಕಾಯುತ್ತಿರುವವನು ನಾರ್ತ್ ಕರೊಲಿನಾದ ಸೆನೆಟರ್ ಥಾಂಪ್ಸನ್. ಅವನ ಹಿಡಿತದಲ್ಲಿ 356 ಡೆಲಿಗೇಟುಗಳಿದ್ದಾರೆ. ಅವನು ಯಾರ ಕಡೆ ವಾಲಿದರೆ ಅವರಿಗೆ ಗೆಲುವು, ಆದರೆ ವಾಲುವುದಕ್ಕೆ ಅವನಿಗೆ ದೊಡ್ಡ ಹುದ್ದೆಯೇ ಬೇಕು. ಹೊರಗಿನ ಶತ್ರು ಇಲ್ಲದ ಕಡೆ ಕತ್ತಿ ಒಳಗಿನವರ ಕೈಗೇ ಬರುತ್ತದೆ. ಕ್ರಿಸ್ತಪೂರ್ವ 44ರ ಮಾರ್ಚ್ 15ರಂದು ಸೀಸರನನ್ನು ಇರಿದು ಕೊಂದವರಲ್ಲಿ ಅವನು ನಂಬಿದವರೇ ಇದ್ದರು. ಚಿತ್ರದ ಹೆಸರಿನ ಹಿಂದಿರುವುದು ಆ ದಿನ.

ಈ ಲೋಕದ ಒಳಹೊರಗು ಬಲ್ಲವರೊಬ್ಬರು ಬರೆದದ್ದು ಚಿತ್ರದ ದೊಡ್ಡ ಬಲ. ಮೂಲ, ಬೋ ವಿಲಿಮನ್ 2008ರಲ್ಲಿ ರಂಗಕ್ಕೆ ತಂದ ‘ಫ್ಯಾರಗಟ್ ನಾರ್ತ್’ ನಾಟಕ. ವಿಲಿಮನ್ ಅದಕ್ಕೂ ಮೊದಲು 2004ರಲ್ಲಿ ಹೊವರ್ಡ್ ಡೀನ್ ಅವರ ಅಧ್ಯಕ್ಷೀಯ ಪ್ರಚಾರದಲ್ಲಿ ದುಡಿದಿದ್ದರು. ನಾಟಕಕ್ಕೆ ವಾಷಿಂಗ್ಟನ್ನಿನ ಒಂದು ಮೆಟ್ರೋ ನಿಲ್ದಾಣದ ಹೆಸರಿಟ್ಟಿದ್ದಾರೆ. ಪ್ರಚಾರದಲ್ಲಿ ಸವೆದವರು ಕೊನೆಗೆ ಸಲಹೆಗಾರರಾಗಿ, ಲಾಬಿಗಾರರಾಗಿ ಹೋಗಿ ಸೇರುವ ಕಚೇರಿಗಳು ಆ ನಿಲ್ದಾಣದ ಸುತ್ತಮುತ್ತಲೇ ಇವೆ. ಕ್ಲೂನಿಗೂ ಇದು ಪುಸ್ತಕದಲ್ಲಿ ಓದಿದ ಲೋಕವಲ್ಲ. ಅವರ ತಂದೆ ನಿಕ್ ಕ್ಲೂನಿ 2004ರಲ್ಲಿ ಕೆಂಟಕಿಯಿಂದ ಸಂಸತ್ತಿಗೆ ಸ್ಪರ್ಧಿಸಿ ಸೋತವರು. ಹಾಗಾಗಿ ಚಿತ್ರದ ಪ್ರಚಾರ ಕಚೇರಿಯಲ್ಲಿ ಯಾರೂ ಘೋಷಣೆಯ ಭಾಷೆಯಲ್ಲಿ ಮಾತಾಡುವುದಿಲ್ಲ. ಸಮೀಕ್ಷೆಯ ಅಂಕಿ, ನಾಳೆಯ ಪತ್ರಿಕೆ, ಯಾರು ಯಾರ ಜೊತೆ ಊಟಕ್ಕೆ ಹೋದರು ಎಂಬುದಷ್ಟೇ ಅವರ ಮಾತು.

ಕಥೆಯ ತಿರುವುಗಳನ್ನು ಮುಚ್ಚಿಟ್ಟು ಕಸುಬನ್ನು ವಿವರಿಸಲಾಗದು. ಚಿತ್ರ ನೋಡದವರು ಇದನ್ನು ಮನ್ನಿಸಬೇಕು.

ರಯಾನ್ ಗಾಸ್ಲಿಂಗ್ ಮಾಡಿರುವ ಸ್ಟೀಫನ್ ಮೇಯರ್ಸ್ ಪ್ರಚಾರ ತಂಡದಲ್ಲಿ ಪಾಲ್‌ನ ನಂತರದವನು. ಚುರುಕು ಹುಡುಗ. ತನ್ನ ಗವರ್ನರ್ ದೇಶಕ್ಕೆ ಒಳ್ಳೆಯದು ಮಾಡುತ್ತಾನೆಂದು ನಿಜವಾಗಿ ನಂಬಿದ್ದಾನೆ. ಒಂದು ದಿನ ಎದುರಾಳಿ ಪಾಳಯದ ಮುಖ್ಯಸ್ಥ ಟಾಮ್ ಡಫಿ ಫೋನ್ ಮಾಡಿ, ಒಂದು ಹತ್ತು ನಿಮಿಷ ಸಿಗು ಎನ್ನುತ್ತಾನೆ. ಹೋಗಬಾರದು. ಹೋಗುತ್ತಾನೆ. ಡಫಿ ನಮ್ಮ ಕಡೆ ಬಾ ಎಂದು ಕರೆಯುತ್ತಾನೆ, ಸ್ಟೀಫನ್ ಒಲ್ಲೆನೆಂದು ಎದ್ದುಬರುತ್ತಾನೆ. ಪಾಲ್ ವಿಚಾರಿಸಿದಾಗ ಏನಿಲ್ಲ ಎಂದುಬಿಡುತ್ತಾನೆ. ಆಮೇಲೆ ಮನಸ್ಸು ತಡೆಯದೆ ತಾನೇ ಒಪ್ಪಿಕೊಳ್ಳುತ್ತಾನೆ, ಅಷ್ಟರಲ್ಲಿ ಹೊತ್ತು ಮೀರಿದೆ. ನೋಡುವಾಗ ಇದೇನು ಮಹಾ ಅಪರಾಧ ಎನಿಸುತ್ತದೆ. ಹಾಗೆ ಎನಿಸುವಂತೆಯೇ ಬರೆಯಲಾಗಿದೆ. ಹಣ ತಿಂದಿಲ್ಲ, ಗುಟ್ಟು ಮಾರಿಲ್ಲ. ಎದುರಾಳಿ ತನ್ನನ್ನು ಬಯಸಿದ ಎಂಬ ಖುಷಿಯನ್ನು ಸ್ವಲ್ಪ ಹೊತ್ತು ಒಬ್ಬನೇ ಸವಿದ, ಅಷ್ಟೇ. ಇಡೀ ದುರಂತ ಬೆಳೆಯುವುದು ಈ ಸಣ್ಣ ಗೀರಿನಿಂದ. ಚಿತ್ರಕಥೆ ಬರೆಯುವವರಲ್ಲಿ ಹೆಚ್ಚಿನವರು ದ್ರೋಹವನ್ನು ದೊಡ್ಡದಾಗಿ ಊಹಿಸಿಕೊಂಡು ಸೋಲುತ್ತಾರೆ. ವಿಲಿಮನ್, ಕ್ಲೂನಿ ಮತ್ತು ಗ್ರಾಂಟ್ ಹೆಸ್ಲೊವ್ ಅದನ್ನು ಯಾರೂ ಮಾಡಬಹುದಾದಷ್ಟು ಚಿಕ್ಕದಾಗಿಟ್ಟರು. ರೂಪಾಂತರಿತ ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ನ್ಯಾಯವೇ.

ಪಾಲ್ ಆ ಸಂಗತಿಯನ್ನು ತಾನೇ ಪತ್ರಕರ್ತೆಗೆ ಮುಟ್ಟಿಸಿ, ಅದರ ನೆಪದಲ್ಲಿ ಸ್ಟೀಫನ್‌ನನ್ನು ತೆಗೆದುಹಾಕುತ್ತಾನೆ. ಆ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡುವುದು ಹಾಫ್‌ಮನ್‌ಗಾಗಿ. ಹಿಂದೆ ಕೆಂಟಕಿಯಲ್ಲಿ ಹೆಸರಿಲ್ಲದ ಅಭ್ಯರ್ಥಿಯೊಬ್ಬನಿಗೆ ದುಡಿಯುವಾಗ ಬೇರೆ ಕಡೆಯಿಂದ ಕರೆ ಬಂದರೂ ಅವನನ್ನು ಬಿಟ್ಟುಹೋಗಲಿಲ್ಲ ಎಂದು ಪಾಲ್ ಹೇಳುತ್ತಾನೆ. ನಿಷ್ಠೆಯೊಂದೇ ತಾನು ನಂಬುವ ನಾಣ್ಯ ಎನ್ನುತ್ತಾನೆ. ಈ ಮಾತನ್ನು ಹಾಫ್‌ಮನ್ ಉಪದೇಶದಂತೆ ಆಡುವುದಿಲ್ಲ. ದಣಿದ ದನಿ, ಒಳಗೆ ಅದುಮಿಟ್ಟ ನೋವು. ಮಗನಂತೆ ಬೆಳೆಸಿದವನ ಕುತ್ತಿಗೆ ಕೊಯ್ಯುತ್ತಿರುವುದು ಅವನಿಗೂ ಗೊತ್ತು. ನಿಷ್ಠೆಯ ಹೆಸರಿನಲ್ಲೇ ಅವನು ಮೋಸ ಮಾಡುತ್ತಿದ್ದಾನೆ, ಆದರೂ ಅವನ ಮಾತು ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುವುದು ಬರಹದಿಂದ ಮಾತ್ರ ಆಗುವ ಕೆಲಸವಲ್ಲ. ಹಾಫ್‌ಮನ್ 2014ರಲ್ಲಿ ತೀರಿಕೊಂಡರು. ಅವರ ದೊಡ್ಡ ಪಾತ್ರಗಳ ಪಟ್ಟಿ ಮಾಡುವಾಗ ಪಾಲ್ ಝಾರಾ ಬಿಟ್ಟುಹೋಗಬಾರದು.

ಕೆಲಸ ಕಳೆದುಕೊಂಡ ಸ್ಟೀಫನ್ ಡಫಿಯ ಬಳಿ ಓಡುತ್ತಾನೆ. ಪಾಲ್ ಜಿಯಾಮಟಿ ಮಾಡಿರುವ ಡಫಿ ಆಗ ಸಣ್ಣದನಿಯಲ್ಲಿ ಲೆಕ್ಕ ಬಿಚ್ಚಿಡುತ್ತಾನೆ. ನೀನು ನಮ್ಮ ಕಡೆ ಬಂದಿದ್ದರೆ ಮಾರಿಸ್‌ಗೆ ನಷ್ಟ. ಬಾರದೆ ಪಾಲ್‌ಗೆ ಹೇಳಿದರೂ ಅವನ ಸ್ವಭಾವ ನನಗೆ ಗೊತ್ತು, ನಿನ್ನನ್ನು ಇಟ್ಟುಕೊಳ್ಳುವುದಿಲ್ಲ. ಆಗಲೂ ಮಾರಿಸ್‌ಗೇ ನಷ್ಟ. ಸ್ಟೀಫನ್ ಅಡಕತ್ತರಿಗೆ ಸಿಕ್ಕ ಅಡಿಕೆ. ಈ ದೃಶ್ಯದ ಸೊಗಸೆಂದರೆ, ನಾವು ಅಷ್ಟು ಹೊತ್ತು ನೋಡಿದ್ದೆಲ್ಲ ತಲೆಕೆಳಗಾಗುತ್ತದೆ, ಆದರೆ ಯಾವುದೂ ಸುಳ್ಳಾಗುವುದಿಲ್ಲ. ಹಿಂದಿನ ದೃಶ್ಯಗಳಿಗೆ ಹೋಗಿ ನೋಡಿದರೆ ಡಫಿ ಎಲ್ಲವನ್ನೂ ಎದುರಿಗೇ ಮಾಡಿದ್ದಾನೆ.

ಮೂಲ ನಾಟಕದಲ್ಲಿ ಗವರ್ನರ್ ರಂಗಕ್ಕೇ ಬರುವುದಿಲ್ಲ. ಅವನನ್ನು ತೆರೆಗೆ ತಂದದ್ದು, ತಾವೇ ಆ ಪಾತ್ರ ಮಾಡಿದ್ದು ಕ್ಲೂನಿಯವರ ಅತಿ ದೊಡ್ಡ ನಿರ್ಧಾರ. ಅವರ ಮಾರಿಸ್ ಮರಣದಂಡನೆ ಒಪ್ಪುವುದಿಲ್ಲ, ತೈಲದ ಹಂಗಿನಿಂದ ದೇಶ ಹೊರಬರಬೇಕೆನ್ನುತ್ತಾನೆ, ತನ್ನ ಧರ್ಮ ಸಂವಿಧಾನ ಎನ್ನುತ್ತಾನೆ. ಈ ಭಾಷಣಗಳನ್ನು ಎಲ್ಲೂ ಪೊಳ್ಳಾಗಿ ತೋರಿಸಿಲ್ಲ. ಸ್ಟೀಫನ್ ಜೊತೆ ನಾವೂ ಅವನಿಗೆ ಮತ ಹಾಕಲು ಸಿದ್ಧರಾಗಿರುತ್ತೇವೆ. ಹಾಗಾಗಿಯೇ, ನಡುರಾತ್ರಿ ಮಾಲಿ ಎಂಬ ಇಂಟರ್ನ್ ಹುಡುಗಿಯ ಫೋನನ್ನು ತನ್ನದೆಂದು ತಿಳಿದು ಸ್ಟೀಫನ್ ಎತ್ತಿಕೊಂಡಾಗ, ಆ ತುದಿಯಿಂದ ಮಾರಿಸ್‌ನ ದನಿ ಕೇಳಿದೊಡನೆ ನಮಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲ ನೋಟಕ್ಕೇ ಕಪಟಿಯಾಗಿ ಕಾಣುವ ರಾಜಕಾರಣಿಯಾಗಿದ್ದರೆ ಆ ಫೋನು ನಮ್ಮನ್ನು ಏನೂ ಮಾಡುತ್ತಿರಲಿಲ್ಲ.

ಮಾಲಿಯ ವಿಷಯದಲ್ಲಿ ಮಾತ್ರ ನನಗೆ ಚಿತ್ರದ ಮೇಲೆ ತಕರಾರಿದೆ. ಇವಾನ್ ರೇಚಲ್ ವುಡ್ ಆ ಹುಡುಗಿಗೆ ಬುದ್ಧಿ, ತುಂಟತನ, ಭಯ ಎಲ್ಲವನ್ನೂ ಕೊಟ್ಟಿದ್ದಾರೆ. ಮಾರಿಸ್‌ನಿಂದ ಗರ್ಭಿಣಿಯಾದವಳನ್ನು ಸ್ಟೀಫನ್ ಆಸ್ಪತ್ರೆಗೆ ಮುಟ್ಟಿಸಿ, ಕರೆತರಲು ಹಿಂದಿರುಗುವುದಿಲ್ಲ. ಅವಳು ಹೋಟೆಲಿನ ಕೋಣೆಯಲ್ಲಿ ಸಾಯುತ್ತಾಳೆ. ಗಂಡಸರ ಆಟ ಮುಂದುವರಿಯಲು ಅವಳ ಸಾವು ಬೇಕಾಗಿತ್ತು ಎಂಬಂತೆ ಚಿತ್ರ ಬೇಗ ಮುಂದಕ್ಕೆ ಹೋಗಿಬಿಡುತ್ತದೆ. ಅವಳ ಪಾಲಿಗೆ ಇನ್ನೆರಡು ದೃಶ್ಯ ಸಲ್ಲಬೇಕಿತ್ತು.

ಆದರೆ ಆ ಸಾವಿನ ನಂತರ ಚಿತ್ರ ಮಾಡುವ ಒಂದು ಕೆಲಸಕ್ಕೆ ತಲೆಬಾಗಲೇಬೇಕು. ಅಲ್ಲಿಯವರೆಗೆ ಸ್ಟೀಫನ್ ಮನಸ್ಸಿನಲ್ಲಿ ಇರುವುದೆಲ್ಲ ನಮಗೆ ಕಾಣುತ್ತಿತ್ತು. ಮಾಲಿಯ ಫೋನು ಕೈಸೇರಿದ ಮೇಲೆ ಅವನು ನಮಗೆ ಅಪರಿಚಿತನಾಗುತ್ತ ಹೋಗುತ್ತಾನೆ. ರಾತ್ರಿ, ಹೋಟೆಲೊಂದರ ಖಾಲಿ ಅಡುಗೆಮನೆಯಲ್ಲಿ ಗವರ್ನರ್ ಎದುರು ನಿಂತು, ಅವಳು ಬರೆದಿಟ್ಟ ಚೀಟಿ ತನ್ನ ಬಳಿ ಇದೆ ಎನ್ನುತ್ತಾನೆ. ಆ ಚೀಟಿಯನ್ನು ನಮಗೆ ತೋರಿಸುವುದಿಲ್ಲ. ಇದೆಯೋ ಇಲ್ಲವೋ ಎಂದು ಮಾರಿಸ್ ಅವನ ಮುಖ ನೋಡಿ ಅಳೆಯುತ್ತಾನೆ, ನಾವೂ ಅದೇ ಮುಖ ನೋಡಿ ಅಳೆಯಬೇಕು. ಗಾಸ್ಲಿಂಗ್ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಪಾಲ್‌ನನ್ನು ಕಿತ್ತುಹಾಕು, ಅವನ ಜಾಗ ನನಗೆ ಕೊಡು, ಥಾಂಪ್ಸನ್‌ಗೆ ಉಪಾಧ್ಯಕ್ಷ ಸ್ಥಾನ ಕೊಡು. ಹುದ್ದೆಗಳ ವ್ಯಾಪಾರ ಮಾಡುವುದಿಲ್ಲವೆಂದು ಪಟ್ಟು ಹಿಡಿದಿದ್ದ ಮಾರಿಸ್ ಮೂರಕ್ಕೂ ಒಪ್ಪುತ್ತಾನೆ. ಚಿತ್ರದ ಮೊದಲ ದೃಶ್ಯದಲ್ಲಿ ಖಾಲಿ ಸಭಾಂಗಣದ ಮೈಕ್ ಪರೀಕ್ಷಿಸಲು ಗವರ್ನರನ ಮಾತುಗಳನ್ನು ಹಗುರವಾಗಿ ಒದರುತ್ತಿದ್ದ ಹುಡುಗ, ಕೊನೆಯ ದೃಶ್ಯದಲ್ಲಿ ಟಿವಿ ಕ್ಯಾಮೆರಾದ ಎದುರು ಕೂತಿರುತ್ತಾನೆ. ಪ್ರಶ್ನೆ ಬರುತ್ತದೆ. ಉತ್ತರಕ್ಕೆ ಮೊದಲೇ ತೆರೆ ಕಪ್ಪಾಗುತ್ತದೆ.

ಛಾಯಾಗ್ರಾಹಕ ಫೀಡನ್ ಪಾಪಮೈಕಲ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ವೇದಿಕೆಯ ತುಂಬ ಹರಡಿದ ಅಮೆರಿಕದ ಬಾವುಟ. ಅದರ ಮುಂದೆ ಬೆಳಕಿನಲ್ಲಿ ಗವರ್ನರನ ಭಾಷಣ, ಚಪ್ಪಾಳೆ. ಕ್ಯಾಮೆರಾ ಬಾವುಟದ ಹಿಂಬದಿಗೆ ಬಂದಾಗ, ಅಲ್ಲಿನ ಕತ್ತಲಲ್ಲಿ ಪ್ರಚಾರದ ಆಳುಗಳು ಕಪ್ಪು ಆಕೃತಿಗಳಾಗಿ ನಿಂತು ತಮ್ಮೊಳಗೇ ಜಗಳವಾಡುತ್ತಿದ್ದಾರೆ. ಇಡೀ ಚಿತ್ರದ ವಿಷಯವನ್ನು ಹೇಳಲು ಅಷ್ಟು ಬಟ್ಟೆ ಸಾಕಾಯಿತು.

ಕ್ಲೂನಿ ಈ ಚಿತ್ರವನ್ನು ಇನ್ನೂ ಮೊದಲೇ ಮಾಡಬೇಕೆಂದಿದ್ದರು. 2008ರಲ್ಲಿ ಒಬಾಮ ಗೆದ್ದಾಗ ದೇಶವೆಲ್ಲ ಭರವಸೆಯಲ್ಲಿತ್ತು, ಇಂಥ ಕಥೆಗೆ ಅದು ಹೊತ್ತಲ್ಲವೆಂದು ತಡೆದರು. ತಡವಾದದ್ದರಿಂದ ನಷ್ಟವೇನೂ ಆಗಲಿಲ್ಲ. ವಿಲಿಮನ್ ಮುಂದೆ 2013ರಲ್ಲಿ ಇದೇ ವಸ್ತುವನ್ನು ‘ಹೌಸ್ ಆಫ್ ಕಾರ್ಡ್ಸ್’ ಸರಣಿಯಲ್ಲಿ ವಿಸ್ತರಿಸಿದರು. ಅದಕ್ಕೆ ಸಿಕ್ಕ ಹೆಸರು ದೊಡ್ಡದು, ಆದರೆ ಬಿಗಿ ಹೆಚ್ಚಿರುವುದು ಈ ಚಿತ್ರದಲ್ಲಿ.

ಕನ್ನಡದಲ್ಲಿ ಚಿತ್ರಕಥೆ ಬರೆಯಲು ಹೊರಟಿರುವ ಹುಡುಗ ಹುಡುಗಿಯರಿಗೆ ಒಂದು ಕೋರಿಕೆ. ಇದನ್ನು ಒಮ್ಮೆ ಸುಮ್ಮನೆ ನೋಡಿ. ಎರಡನೇ ಸಲ ನೋಡುವಾಗ ಹಾಳೆಯೊಂದರಲ್ಲಿ ಸ್ಟೀಫನ್, ಪಾಲ್, ಡಫಿ, ಮಾರಿಸ್, ಮಾಲಿ, ಪತ್ರಕರ್ತೆ ಐಡಾ ಎಂದು ಆರು ಹೆಸರು ಬರೆದುಕೊಂಡು, ಪ್ರತಿ ದೃಶ್ಯ ಮುಗಿದಾಗ ಯಾರಿಗೆ ಏನು ಗೊತ್ತಾಯಿತೆಂದು ಆಯಾ ಹೆಸರಿನ ಕೆಳಗೆ ಗುರುತು ಹಾಕಿ. ಚಿತ್ರಕಥೆಯ ಬಗ್ಗೆ ಇಷ್ಟು ಕಲಿಸುವ ಪಾಠ ಬೇರೆ ಕಡೆ ಸಿಗುವುದು ಕಷ್ಟ.