ಹೊಸದಾಗಿ ಕೋಳಿ ಸಾಕುವವರ ಔಷಧ ಪೆಟ್ಟಿಗೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಹಿತ್ತಿಲುಗಳಲ್ಲಿ ಜವಾರಿ ಕೋಳಿಗೆಂದು ಔಷಧ ಪೆಟ್ಟಿಗೆ ಇಟ್ಟುಕೊಳ್ಳುವ ರೂಢಿ ಕಡಿಮೆ; ಮರಿಗೆ ಬೇಕಾದ ಕಾವನ್ನು ತಾಯಿಯ ರೆಕ್ಕೆಯೂ ಆಹಾರವನ್ನು ತಿಪ್ಪೆಯೂ ಒದಗಿಸುತ್ತವೆ, ಸಾಯುವವು ಸತ್ತು ಗಟ್ಟಿಯಾದವಷ್ಟೇ ಉಳಿಯುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜದಂತಹ ಸುಧಾರಿತ ತಳಿಗಳ ಲೆಕ್ಕವೇ ಬೇರೆ. ಅವು ಎಳೆಯ ಮರಿಗಳಾಗಿ, ತಾಯಿಯಿಲ್ಲದೆ, ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುವುದರಿಂದ ತಾಯಿ ಮಾಡಬೇಕಿದ್ದ ಕೆಲಸವೆಲ್ಲ ಸಾಕುವವರ ಪಾಲಿಗೆ ಬೀಳುತ್ತದೆ. ಇದಲ್ಲದೆ ಕೋಳಿಯು ಬೇಟೆಗೆ ಗುರಿಯಾಗುವ ಜಾತಿಯಾದ್ದರಿಂದ ತನ್ನ ನಿತ್ರಾಣವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಜೋತುಬಿದ್ದ ರೆಕ್ಕೆ, ಅರೆಮುಚ್ಚಿದ ಕಣ್ಣು ಕಾಣುವ ಹೊತ್ತಿಗೆ ರೋಗ ಬಹುದೂರ ಸಾಗಿರುತ್ತದೆ. ಆದಕಾರಣ ಈ ಪೆಟ್ಟಿಗೆಯ ಸಾಮಾನುಗಳಲ್ಲಿ ಹೆಚ್ಚಿನವು ರೋಗ ಬರುವ ಮುನ್ನವೇ ಕೈಗೆ ಬೇಕಾಗುವಂಥವು.

ಮೊದಲನೆಯದು ತಾಪಮಾಪಕ. ಮೊಟ್ಟೆಯೊಡೆದು ಬಂದ ಮರಿಯ ನವಿರು ಗರಿಗೆ ದೇಹದ ಬಿಸಿಯನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲವಾಗಿ, ಮೊದಲ ವಾರ ಅದರ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಗಳು ಕಾವಿಗೆ ಹಚ್ಚಿದ ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿಯೆಂದೂ, ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ ತಿಳಿಯಬೇಕು. ಪ್ರಯಾಣದಿಂದ ಬಳಲಿ ಬಂದ ಮರಿಗಳಿಗೆ ಮೊದಲು ಬೆಲ್ಲದ ನೀರು ಕೊಡುವ ರೂಢಿಗೂ ಅರ್ಥವಿದೆ; ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯು ಎರಡು ಮೂರು ದಿನಕ್ಕೆ ಬರಿದಾಗುವುದರಿಂದ ನೀರು ಮತ್ತು ಸಕ್ಕರೆ ಎರಡೂ ತುರ್ತಾಗಿ ಬೇಕಿರುತ್ತವೆ.

ಎರಡನೆಯದು ಲಸಿಕೆ, ಮತ್ತು ಈ ವಿಷಯದಲ್ಲಿ ಜಿಪುಣತನ ಸಲ್ಲದು. ಕನ್ನಡದಲ್ಲಿ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗವು 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲ್ಪಟ್ಟು, ಅದೇ ದಶಕದಲ್ಲಿ ಭಾರತದಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ದಾಖಲಾಯಿತು. ಹಸಿರು ಭೇದಿ, ಉಬ್ಬಸ, ಕೊನೆಗೆ ತಿರುಚಿಕೊಂಡ ಕತ್ತು ಅದರ ಲಕ್ಷಣಗಳು. ವೈರಸ್ ಆದುದರಿಂದ ಬಂದ ಮೇಲೆ ಮದ್ದಿಲ್ಲ. ಐದರಿಂದ ಏಳು ದಿನದ ಮರಿಗೆ ಎಫ್ ಅಥವಾ ಲಸೋಟ ಎಂಬ ದುರ್ಬಲ ತಳಿಯ ಲಸಿಕೆಯನ್ನು ಕಣ್ಣಿಗೆ ಒಂದು ಹನಿ ಹಾಕುತ್ತಾರೆ. ಮರಿಯನ್ನು ಅಂಗೈಯಲ್ಲಿ ಪಕ್ಕಕ್ಕೆ ಮಲಗಿಸಿ ಹನಿ ಬಿಟ್ಟು, ಅದು ಕಣ್ಣು ಮಿಟುಕಿಸಿ ಹನಿಯನ್ನು ಒಳಗೆಳೆದುಕೊಳ್ಳುವ ತನಕ ಹಿಡಿದಿರಬೇಕು. ಏಕೆಂದರೆ ಕಣ್ಣುಗುಡ್ಡೆಯ ಹಿಂದಿರುವ ಹಾರ್ಡೇರಿಯನ್ ಗ್ರಂಥಿ ಎಂಬ ರೋಗನಿರೋಧಕ ಅಂಗವನ್ನು ಅದು ತಲುಪಿದಾಗಲೇ ಲಸಿಕೆ ಪೂರ್ತಿ ಫಲ ಕೊಡುತ್ತದೆ. ತಾಯಿಯಿಂದ ಮೊಟ್ಟೆಯ ಮೂಲಕ ಬಂದ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಕಟ್ಟಿಹಾಕುವ ಪ್ರೋಟೀನುಗಳು, ಈ ಮೊದಲ ಲಸಿಕೆಯನ್ನು ಭಾಗಶಃ ಅಡಗಿಸುವುದರಿಂದ ನಾಲ್ಕನೆಯ ವಾರದ ಹೊತ್ತಿಗೆ ಇನ್ನೊಮ್ಮೆ ಕೊಡಬೇಕಾಗುತ್ತದೆ. ಎಂಟು ವಾರ ತುಂಬಿದ ಮೇಲೆ ಕೊಡುವ ಆರ್‌ಟುಬಿ ಚುಚ್ಚುಮದ್ದು ಹೆಚ್ಚು ಬಲಿಷ್ಠ ತಳಿಯದಾದ್ದರಿಂದ ಎಳೆಯ ಮರಿಗೆ ಅದೇ ಮಾರಕವಾಗಬಹುದು.

ಈ ಲಸಿಕೆಗಳು ಜೀವಂತ ವೈರಸ್ಸುಗಳು. 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಉಳಿಯುತ್ತವೆ. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಿಂದ ಹಳ್ಳಿಗೆ ಬಸ್ಸಿನಲ್ಲಿ ಜೇಬಿನೊಳಗಿಟ್ಟು ತಂದ ಸೀಸೆಯಲ್ಲಿ ವೈರಸ್ ಸತ್ತಿದ್ದರೂ ಹೊರಗೆ ಗೊತ್ತಾಗುವುದಿಲ್ಲ, ಆದ್ದರಿಂದ ಮಂಜುಗಡ್ಡೆಯ ಪೊಟ್ಟಣವಿಟ್ಟ ಥರ್ಮೋಕೋಲ್ ಡಬ್ಬಿ ಔಷಧಗಳಷ್ಟೇ ಅಗತ್ಯ. ಇನ್ನೊಂದು ತೊಡಕೂ ಇದೆ: ಸೀಸೆಗಳು ನೂರು, ಇನ್ನೂರು, ಸಾವಿರ ಹಕ್ಕಿಗಳ ಲೆಕ್ಕದಲ್ಲಿ ಬರುತ್ತವೆ, ಕದಡಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಗೆ ಇದು ದುಂದೆನಿಸಿದರೂ ರೋಗವು ಬೇಲಿಯನ್ನು ಲೆಕ್ಕಿಸುವುದಿಲ್ಲವಾಗಿ, ಓಣಿಯ ಮನೆಗಳೆಲ್ಲ ಕೂಡಿ ಒಂದೇ ದಿನ ಲಸಿಕೆ ಹಾಕಿಸುವುದು ಹಣಕ್ಕೂ ವಿಜ್ಞಾನಕ್ಕೂ ಒಪ್ಪುವ ದಾರಿ. ನೀರಿನಲ್ಲಿ ಕೊಡುವ ಲಸಿಕೆಗಾದರೆ ನಲ್ಲಿ ನೀರಿನ ಕ್ಲೋರಿನ್ ವೈರಸ್ಸನ್ನು ಕೊಲ್ಲದಂತೆ ಸ್ವಲ್ಪ ಕೆನೆರಹಿತ ಹಾಲಿನ ಪುಡಿಯನ್ನು ಬೆರೆಸುವುದುಂಟು.

ಹಾನಗಲ್ಲಿನ ಭತ್ತದ ಸೀಮೆಯಲ್ಲಿ ಮಳೆಗಾಲದ ಚಿಂತೆ ರಕ್ತಭೇದಿ. ಐಮೇರಿಯಾ ಎಂಬ ಏಕಕೋಶ ಜೀವಿಯು ಕೋಳಿಯ ಕರುಳಿನ ಗೋಡೆಯಲ್ಲಿ ಬೆಳೆದು ಹಿಕ್ಕೆಯೊಂದಿಗೆ ಗಟ್ಟಿ ಕವಚದ ಕೋಶಗಳನ್ನು ಹೊರಹಾಕುತ್ತದೆ. ಬೆಚ್ಚಗಿನ ಒದ್ದೆ ನೆಲಹಾಸಿನಲ್ಲಿ ಅವು ಒಂದೆರಡು ದಿನದಲ್ಲಿ ಪಕ್ವವಾಗಿ ಸೋಂಕಿಗೆ ಸಿದ್ಧವಾಗುತ್ತವೆ. ಭತ್ತದ ಹೊಟ್ಟನ್ನು ದಿನವೂ ಕೆದಕಿ ಒಣಗಿಸಿ, ಒದ್ದೆಯಾದ ಭಾಗವನ್ನು ತೆಗೆದು, ಸುಣ್ಣ ಉದುರಿಸುವುದು ಇದಕ್ಕೆ ಮೊದಲ ಮದ್ದು. ರಕ್ತದ ಹಿಕ್ಕೆ ಕಂಡಾಗ ಪಶುವೈದ್ಯರು ಕೊಡಿಸುವ ಆ್ಯಂಪ್ರೋಲಿಯಂ ಪುಡಿ ಎರಡನೆಯದು. ಈ ಔಷಧದ ಅಣು ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಹೋಲುತ್ತದೆ. ಪರಾವಲಂಬಿಯು ಅದನ್ನೇ ಜೀವಸತ್ವವೆಂದು ಹೀರಿಕೊಳ್ಳಹೋಗಿ ಹಸಿಯುತ್ತದೆ. ಹೀಗಿರುವಾಗ ಶಕ್ತಿಗೆಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಬೆರೆಸಿದರೆ ಪರಾವಲಂಬಿಗೆ ಊಟ ಬಡಿಸಿದಂತಾಗುತ್ತದೆ, ಆದ್ದರಿಂದ ಜೀವಸತ್ವದ ಸೀಸೆಯನ್ನು ಚಿಕಿತ್ಸೆ ಮುಗಿದ ಮೇಲೆ ತೆರೆಯಬೇಕು. ಅಂದಹಾಗೆ ಥಯಾಮಿನ್ನಿನ ಸುಳಿವು ಸಿಕ್ಕಿದ್ದೂ ಕೋಳಿಯಿಂದಲೇ. 19ನೆಯ ಶತಮಾನದ ಕೊನೆಯಲ್ಲಿ ಬಟಾವಿಯಾದ, ಅಂದರೆ ಇಂದಿನ ಜಕಾರ್ತದ, ಸೈನಿಕ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಸಾಕಿದ್ದ ಕೋಳಿಗಳು ಅಡುಗೆಮನೆಯ ಬಿಳಿ ಅನ್ನ ತಿಂದು ಕಾಲು ಸೋತು ಬಿದ್ದವು; ಹೊಸ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗೆ ಕೊಡಲೊಪ್ಪದೆ ಪಾಲಿಶ್ ಆಗದ ಅಕ್ಕಿ ಹಾಕಿಸಿದಾಗ ಎದ್ದು ನಿಂತವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂದಿತು.

ಹಿರೇಕೆರೂರು, ಶಿಗ್ಗಾಂವಿ ಕಡೆಯಲ್ಲಿ ಕೋಳಿಗೆ ಸಲೀಸಾಗಿ ಸಿಗುವ ಕಾಳು ಗೋವಿನಜೋಳ, ಅಪಾಯವಿರುವುದೂ ಅದರಲ್ಲಿಯೇ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ತೇವ ಉಳಿದ ಕಾಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಈ ವಿಷ ಮೊದಲ ಬಾರಿಗೆ ಪತ್ತೆಯಾಯಿತು. ಅದು ಯಕೃತ್ತನ್ನು ಕೆಡಿಸುವುದಲ್ಲದೆ ಲಸಿಕೆ ಹುಟ್ಟಿಸಬೇಕಾದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಬೇಡವಾದ ಬೂಷ್ಟು ಹಿಡಿದ ಕಾಳನ್ನು ಕೋಳಿಗೆ ಸುರಿಯುವ ರೂಢಿಗಿಂತ ದುಬಾರಿಯಾದ ಉಳಿತಾಯ ಬೇರೊಂದಿಲ್ಲ.

ಉಳಿದ ಸಾಮಾನುಗಳು ಅಗ್ಗದವು. ರಕ್ತದ ಕೆಂಪು ಕಂಡ ಕಡೆ ಉಳಿದ ಕೋಳಿಗಳು ಕುಕ್ಕುವುದರಿಂದ ಗಾಯಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ, ವಾಸಿಯಾಗುವವರೆಗೆ ಬೇರೆ ಬುಟ್ಟಿಯಲ್ಲಿ ಇಡಬೇಕು. ಹೇನಿನ ಕಾಟಕ್ಕೆ ಕೋಳಿಗಳು ಹೊರಳಾಡಲು ಒಲೆಯ ಬೂದಿ ಬೆರೆಸಿದ ಒಣಮಣ್ಣು, ಜಂತುಹುಳಕ್ಕೆ ಪೈಪರಜೀನ್ ಇರಲಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕಾಗುವುದರಿಂದ ಮೊಟ್ಟೆಯಿಡುವ ಕೋಳಿಗೆ ಚಿಪ್ಪಿನ ಪುಡಿಯನ್ನು ಪ್ರತ್ಯೇಕ ಬಟ್ಟಲಿನಲ್ಲಿ ಇಡಬೇಕು, ಎಳೆಯ ಮರಿಗೆ ಅದೇ ಪ್ರಮಾಣ ಮೂತ್ರಪಿಂಡಕ್ಕೆ ಹಾನಿ. ಸವಣೂರಿನ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ, ಬೆವರು ಗ್ರಂಥಿಗಳೇ ಇಲ್ಲದ ಕೋಳಿ ಏದುಸಿರಿನಿಂದಲೇ ತಂಪಾಗಬೇಕಾಗಿ, ರಕ್ತದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ಚಿಪ್ಪು ತೆಳುವಾಗುತ್ತದೆ. ತಣ್ಣೀರು, ನೆರಳು ಮತ್ತು ಎಲೆಕ್ಟ್ರೋಲೈಟ್ ಪುಡಿ ಆಗ ನೆರವಿಗೆ ಬರುತ್ತವೆ.

ಪೆಟ್ಟಿಗೆಯಲ್ಲಿ ಇರಬಾರದ್ದು ಆ್ಯಂಟಿಬಯೋಟಿಕ್. ಅದು ವೈರಸ್ಸನ್ನು ಮುಟ್ಟುವುದಿಲ್ಲ, ಊಹೆಯ ಮೇಲೆ ಕೊಟ್ಟರೆ ಮದ್ದಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ನನ್ನು ಕೋಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಕಾರಣ ತಿಳಿಯದೆ ಕೋಳಿಯೊಂದು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಿಸಿದರೆ, ಕೊಯ್ದು ನೋಡಿದ ವೈದ್ಯರು ಉಳಿದವುಗಳಿಗೆ ಏನು ಮಾಡಬೇಕೆಂದು ಹೇಳಬಲ್ಲರು; ಒಂದೆರಡು ದಿನಗಳಲ್ಲಿ ಹಲವು ಸತ್ತರೆ ಮಾತ್ರ ಯಾವುದನ್ನೂ ಸಾಗಿಸದೆ ವೈದ್ಯರನ್ನೇ ಸ್ಥಳಕ್ಕೆ ಕರೆಸಬೇಕು.